ಜೊತೆಯ ದನಿ

ಕೊಳಕೂರಿನಲ್ಲಿ ನಮ್ಮ ಪಕ್ಕದ ಮನೆಯ ಟೇಲರ್ ಅಕ್ಕ ಮದುವೆಗಳಲ್ಲಿ ಸೋಬಾನೆ ಹಾಡುತ್ತಿದ್ದಳು. ಅವಳು ಎತ್ತಿದ ಸಾಲನ್ನು ಮುದಿ ಗೆಳತಿಯೊಬ್ಬಳು ತಿರುಗಿ ಹಾಡಬೇಕು. "ಒಬ್ಬಾಕಿನೇ ಹಾಡಿದ್ರ ಅದು ಹಾಡಲ್ರಿ" ಎಂದು ಕರೆಯಲು ಬಂದವರಿಗೆಲ್ಲ ಹೇಳುತ್ತಿದ್ದಳು.

ಹೋದ ವರ್ಷ ಹಾಡು ರೆಕಾರ್ಡ್ ಮಾಡಿಸಲು ಇಬ್ಬರನ್ನೂ ಜೇವರ್ಗಿಯ ಸ್ಟುಡಿಯೊಗೆ ಕರೆದೊಯ್ದವನು ನಾನೇ. ವಾರದ ಮೇಲೆ ಅದನ್ನು ಕೇಳಲು ಮೂವರೂ ಮತ್ತೆ ಹೋದಾಗ ಸ್ಟುಡಿಯೊದವನು ಅಕ್ಕನ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿದ. ಅವಳು ಅರ್ಧಕ್ಕೇ ಕಿತ್ತು ತೆಗೆದಳು.

"ನಮ್ಮ ಮುದುಕಿ ದನಿ ಎಲ್ಲದರಿ?"

"ಭಾಳ ನಡಗಾಕತ್ತಿತ್ರಿ, ತೆಗದೀನಿ. ಈಗ ಎಷ್ಟು ಸಾಫ್ ಅದ ಕೇಳ್ರಿ."

"ಸಾಫ್ ಮಾಡಾಕ ಆಕಿ ಕಸ ಏನ್ರಿ?"

ಅಷ್ಟರಲ್ಲಿ ಮುದುಕಿ ಹೆಡ್‌ಫೋನ್ ಹಾಕಿಕೊಂಡಿದ್ದಳು. ಕಣ್ಣು ಮುಚ್ಚಿ ಕೊನೆತನಕ ಕೇಳಿ, "ಭಾಳ ಚಂದ ಅದ. ನಂದು ಯಾವಾಗ ಬರ್ತದವ್ವ?" ಎಂದಳು.

ಅಕ್ಕ ಸ್ಟುಡಿಯೊದವನ ಕಡೆ ತಿರುಗಿದಳು. "ಹೇಳ್ರಿ. ಆಕಿಗಿ ನೀವ ಹೇಳ್ರಿ."