ಮೇಲೆ ನೋಡುವ ಹೂ, ಕೆಳಗೆ ನೋಡುವ ಹೂ

ಗಿಡದ ಕಾಕನ ಬಿಳಿ ಗಡ್ಡದಲ್ಲಿ ಯಾವಾಗಲೂ ತೆಂಗಿನ ನಾರಿನ ಪುಡಿ ಸಿಕ್ಕಿಕೊಂಡಿರುತ್ತಿತ್ತು. ಮಾತನಾಡುವಾಗ ಅದು ಮೆಲ್ಲಗೆ ಅಂಗಿಯ ಮೇಲೆ ಉದುರುತ್ತಿತ್ತು. ದುಬೈಯಲ್ಲಿ ಯಾರದೋ ತೋಟ ನೋಡಿಕೊಂಡು ಅರ್ಧ ಆಯುಷ್ಯ ಕಳೆದು ಬಂದವರು. ಕಾಪುವಿನ ಹೆದ್ದಾರಿ ಬದಿಯಲ್ಲಿ ನರ್ಸರಿ ಇಟ್ಟಿದ್ದರು.

ಅಲ್ಲಿ ಎರಡು ಗಿಡಗಳು ಸದಾ ಅಕ್ಕಪಕ್ಕ. ಒಂದು ನಮ್ಮ ಗುಡ್ಡೆಯ ಉಮ್ಮತ್ತದ, ಅಂದರೆ ದತ್ತೂರದ, ನೇರಳೆ ಜಾತಿ: ಮೊಣಕಾಲೆತ್ತರ, ಆಕಾಶಕ್ಕೆ ಬಾಯಿ ತೆರೆದ ಹೂ, ಮುಳ್ಳಿನ ಕಾಯಿ. ಇನ್ನೊಂದು ಆಳೆತ್ತರದ್ದು. ಮುಳ್ಳಿಲ್ಲ. ಕೇಸರಿ ಬಣ್ಣದ ಉದ್ದನೆಯ ಹೂಗಳು ನೆಲ ನೋಡುತ್ತ ತೂಗುತ್ತಿದ್ದವು. ಸಂಜೆ ಅದರ ಪರಿಮಳ ಎದ್ದಾಗ ಹೆದ್ದಾರಿಯ ಸದ್ದು ದೂರ ಸರಿದಂತೆ ಅನಿಸುತ್ತಿತ್ತು.

ಗಿಡ ಕೊಳ್ಳಲು ಬಂದವರಿಗೆಲ್ಲ ಕಾಕ ಹೇಳುತ್ತಿದ್ದರು, “ಮುಖ ಬೇರೆ ಮಾರಾಯ್ರೆ, ಹೊಟ್ಟೆಯೊಳಗಿನ ವಿಷ ಒಂದೇ. ಅಕ್ಕ ತಂಗಿ. ಈಗ ನೀವು ಹೇಳಿ, ನೋಡುವ.”

ಕೊಳ್ಳುವವರು ಆ ಮಾತನ್ನು ಪಾಠದಂತೆ ಒಪ್ಪಿಸಿದ ಮೇಲೆಯೇ ಗಿಡ ಕೈಗೆ ಬರುತ್ತಿತ್ತು. ನಾನೂ ಒಪ್ಪಿಸಿದೆ. “ಮನೆಯಲ್ಲಿ ಎಲ್ಲರಿಗೂ ಹೇಳಬೇಕು” ಎಂದರು. ಪರ್ಕಳದ ಮನೆಯಲ್ಲಿ ತೂಗುವ ಹೂವಿನ ಗಿಡ ನೆಟ್ಟು ಗಂಡನಿಗೆ ಹೇಳಿದೆ, ಮಗಳಿಗೆ ಹೇಳಿದೆ. ಕಾರ್ಕಳದಿಂದ ಬಂದ ಅತ್ತೆಗೆ ಹೇಳಲಿಲ್ಲ. ಗಿಡ ಬಲ್ಲವರಿಗೆ ಹೇಳುವುದೇನು ಎಂದುಕೊಂಡೆ.

ಸಿಕ್ಕಿದ ಎಲೆ, ಹೂವನ್ನೆಲ್ಲ ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿಯುವ ಕೈ ಅತ್ತೆಯದು. ಒಂದು ಮಧ್ಯಾಹ್ನ ನಾನು ಮನೆಗೆ ಬಂದಾಗ ತಟ್ಟೆ ತುಂಬ ಆ ಕೇಸರಿ ಹೂವಿನ ಪೋಡಿ ಇತ್ತು. ಉಪ್ಪು ನೋಡಲೆಂದು ಅವರು ಎರಡು ತಿಂದಾಗಿತ್ತು. ವಿಷ ಎಂದರೆ ನಂಬಲಿಲ್ಲ.

“ನನಗೆ ಉಮ್ಮತ್ತ ಗೊತ್ತಿಲ್ವಾ? ಅದು ಮೇಲೆ ನೋಡ್ತದೆ, ಕಾಯಿಯಲ್ಲಿ ಮುಳ್ಳುಂಟು. ಇದು ಪಾಪದ್ದು, ಏನೂ ಮಾಡುವುದಿಲ್ಲ!”

ನಾನು ಕಾಕನಿಗೆ ಫೋನ್ ಮಾಡಿದೆ.

“ಬೊಬ್ಬೆ ಹೊಡೆಯಬೇಡಿ. ಒಂದು ಕೊಂಬೆ ಮುರಿದು ಹಿಡ್ಕೊಳ್ಳಿ. ಡಾಕ್ಟ್ರಿಗೆ ಉಮ್ಮತ್ತದ ತಂಗಿ ಅಂತ ಹೇಳಿ. ಈಗಲೇ ಹೊರಡಿ.”

ಮಣಿಪಾಲ ಮುಟ್ಟುವಾಗ ಅತ್ತೆಯ ತುಟಿ ಒಣಗಿತ್ತು. ಕಣ್ಣಿನ ಕಪ್ಪು ಅಗಲವಾಗಿ ಹರಡಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಅವರ ಬೆರಳುಗಳು ಗಾಳಿಯಿಂದ ಏನನ್ನೋ ಹೆಕ್ಕಿ ಹೆಕ್ಕಿ ಗಂಟು ಹಾಕುತ್ತಿದ್ದವು. ಬದುಕುತ್ತಾರೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ.

ಸಂಜೆ ಕಾಕ ಬಸ್ಸು ಹತ್ತಿ ಬಂದರು. ಹಾಸಿಗೆಯ ಪಕ್ಕ ಕುಳಿತು ಕೇಳಿದರು, “ಎಂತ ಕಟ್ಟುವುದು ಅಮ್ಮ?”

“ಕಾಣುವುದಿಲ್ವಾ? ಮಲ್ಲಿಗೆ. ಹೊತ್ತಾಯ್ತು, ದಾರ ಹಿಡಿಯಿರಿ.”

ಕಾಕ ಎರಡು ಬೆರಳೆತ್ತಿ, ಇಲ್ಲದ ದಾರವನ್ನು ಹಿಡಿದರು. ನರ್ಸ್ ಬಾಯಿಗೆ ಕೈ ಇಟ್ಟು ನಕ್ಕಳು. ಅವರು ಕೈ ಇಳಿಸಲಿಲ್ಲ. ನೋವಾದಾಗ ಇನ್ನೊಂದು ಕೈಗೆ ದಾಟಿಸಿಕೊಂಡರು, ದಾರ ಸಡಿಲವಾಗದಂತೆ ಜಾಗ್ರತೆಯಿಂದ. ಅತ್ತೆಯ ಬೆರಳು ನಿಧಾನವಾಗಿ, ಅತ್ತಿತ್ತ ಅಲೆಯದೆ, ಕಟ್ಟುತ್ತ ಹೋಯಿತು.

ಮರುದಿನ ಅತ್ತೆ ನೀರು ಕೇಳಿದರು. ನನ್ನ ಹೆಸರು ಹಿಡಿದು ಕರೆದರು. ಗಿಡದ ವಿಷಯ ಅವರಿಗೆ ನಾನೇ ಹೇಳಿರಲಿಲ್ಲ ಎಂದು ಫೋನಿನಲ್ಲಿ ಕಾಕನಿಗೆ ತಿಳಿಸಿದೆ.

“ಇನ್ನು ಮೇಲೆ ಎಲ್ಲರಿಗೂ ಹೇಳಿ ಮಗಳೇ. ಅಷ್ಟೇ.”

ಕಾಕ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅತ್ತೆ ಕಾರ್ಕಳದಿಂದ ಈಗಲೂ ಪ್ರತಿ ಬೆಳಗ್ಗೆ ಫೋನ್ ಮಾಡುತ್ತಾರೆ: “ತಿಂಡಿ ಎಂತ ಮಾಡಿದ್ದು ಮಾರಾಯ್ತಿ?” ಸಜ್ಜಿಗೆ ಎಂದರೆ “ದಿನಾ ಅದೇ ಅಲ್ವಾ!” ಎಂದು ಬೈಯುತ್ತಾರೆ. ಒಲೆ ಆರಿಸಿ, ಕಾಕ ದಾರ ಹಿಡಿದ ಹಾಗೆ, ಬೈಗುಳ ಮುಗಿಯುವವರೆಗೆ ಕೇಳುತ್ತ ನಿಲ್ಲುತ್ತೇನೆ.