ಮಲ್ಲಿಗೆ ತೋಟದಿಂದ ಬಂದ ಬ್ಲಾಗು

"ಮೇಡಂ, ಆ ಹುಡುಗಿ ಈಗ ಟೈಮಿಗೆ ಸರಿಯಾಗಿ ಕ್ಲಾಸಿಗೆ ಬರ್ತಾಳಾ?"

ಹೋದ ಶನಿವಾರ ಹಗರಿಬೊಮ್ಮನಹಳ್ಳಿಯ ಒಂದು ತರಬೇತಿಯಲ್ಲಿ ನನಗೆ ಎದುರಾದ ಪ್ರಶ್ನೆ ಇದು. ಕಷ್ಟದ ಪ್ರಶ್ನೆಯೇ? ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ. ಮೈಕ್ ಬೇರೆ ನನ್ನ ಕೈಯಲ್ಲೇ ಇತ್ತು. ನಾನು ಮಾತ್ರ "ಯಾವ ಹುಡುಗಿ ಸರ್?" ಎಂದು ಕೇಳಿಬಿಟ್ಟೆ.

ಸಭೆ ಗೊಳ್ಳೆಂದು ನಕ್ಕಿತು. ಆ ಹುಡುಗಿ ಬರೆದದ್ದು ನನ್ನ ಬೆನ್ನ ಹಿಂದಿನ ಪರದೆಯ ಮೇಲೆ ಬಾಗಿಲಗಲ ಕಾಣುತ್ತಿತ್ತು. ಅದನ್ನು ಅಲ್ಲಿಗೆ ತಂದು ಹಾಕಿದವಳೂ ನಾನೇ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನು ಹಡಗಲಿಯಲ್ಲಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು ಎಂಬುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ನನ್ನ ಇನ್ನೊಂದು ಚಟವೂ ಗೊತ್ತಿರಬೇಕು. ಮದುವೆ ಕಾರ್ಡ್ ಬಂದರೆ ಮುಹೂರ್ತಕ್ಕಿಂತ ಮೊದಲು ಸ್ಪೆಲ್ಲಿಂಗ್ ನೋಡುತ್ತೇನೆ. ಕೊಟ್ಟೂರಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನಲು ಹೋಗಿ, ಅಂಗಡಿಯವನ ಇಂಗ್ಲಿಷ್ ಬೋರ್ಡಿನ ತಪ್ಪುಗಳನ್ನೆಲ್ಲ ಅವನಿಗೆ ವಿವರಿಸಿ ಬಂದಿದ್ದೇನೆ. (ಅಷ್ಟರಲ್ಲಿ ಮಿರ್ಚಿ ತಣ್ಣಗಾಗಿತ್ತು.) "ನಾ ನಿನಗ ಲವ್ ಲೆಟರ್ ಬರೀಲಾರದ್ದಕ್ಕ ಇದ ಕಾರಣ ನೋಡು" ಎನ್ನುತ್ತಾರೆ ನನ್ನ ಗಂಡ.

ಯಾರು ಏನೇ ಹೇಳಲಿ, ನಮ್ಮ ಕಡೆ ಇಂಗ್ಲಿಷ್ ಇವತ್ತಿಗೂ ಪರದೇಶಿ ಭಾಷೆಯೇ. ತರಗತಿಯಿಂದ ಹೊರಬಿದ್ದು ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಅದಕ್ಕೇ ಈ ವರ್ಷ ತರಗತಿಗೊಂದು ಬ್ಲಾಗ್ ಶುರು ಮಾಡಿದೆ. ("ರೀಲ್ಸ್ ಕಾಲದಾಗ ಬ್ಲಾಗ್ ಏನಮ್ಮಾ" ಎಂದು ಮಗ ನಕ್ಕ. ನಗಲಿ ಬಿಡಿ.) ವಿದ್ಯಾರ್ಥಿಗಳು ತಮಗೆ ಬೇಕಾದ ವಿಷಯದ ಮೇಲೆ, ತಮಗೆ ಬಂದಂತೆ, ತಮ್ಮ ಫೋನಿನಿಂದಲೇ ಬರೆಯಬೇಕು. ಒಬ್ಬರದ್ದನ್ನು ಇನ್ನೊಬ್ಬರು ಓದಿ ಕೆಳಗೆ ಕಾಮೆಂಟ್ ಹಾಕಬೇಕು. ಮೇಡಂ ಮುಖ ನೋಡದೆ ತಾವಾಗಿಯೇ ಕಲಿಯಬೇಕು.

ಹಾಗಾದರೆ ಮೇಡಂ ಏನು ಮಾಡಬೇಕು? ಸುಮ್ಮನಿರಬೇಕು. ಸುಮ್ಮನಿರುವ ಜಾಯಮಾನವೇ ನನ್ನದು? ಪ್ರತಿ ಬರಹದ ಕೆಳಗೂ ಕೆಂಪಕ್ಷರದಲ್ಲಿ ತಿದ್ದುಪಡಿ ಹಾಕುತ್ತ ಹೋದೆ. ಕಾಮೆಂಟುಗಳನ್ನೂ ಬಿಡಲಿಲ್ಲ. ಮಕ್ಕಳು ಬರೆದದ್ದಕ್ಕಿಂತ ನಾನು ಬರೆದದ್ದೇ ಉದ್ದವಾಗುತ್ತಿತ್ತು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಆ ಹೆಮ್ಮೆಯನ್ನೇ ಹೊತ್ತುಕೊಂಡು ತರಬೇತಿಗೆ ಹೋಗಿದ್ದೆ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಎಲ್ಲ ಕಡೆಯ ಇಂಗ್ಲಿಷ್ ಮೇಷ್ಟರುಗಳು ಬಂದಿದ್ದರು. ನನ್ನ ಭಾಷಣದ ವಿಷಯ, ಬ್ಲಾಗಿನ ಮೂಲಕ ಸ್ವತಂತ್ರ ಕಲಿಕೆ. ಪರದೆಯ ಎಡಗಡೆ ಒಬ್ಬ ವಿದ್ಯಾರ್ಥಿನಿಯ ಬರಹ, ಬಲಗಡೆ ನಾನು ತಿದ್ದಿದ ಬರಹ. ತೂಕ ಇಳಿಸುವ ಜಾಹೀರಾತಿನಲ್ಲಿ 'ಮೊದಲು' ಮತ್ತು 'ಆಮೇಲೆ' ಫೋಟೊ ಹಾಕುತ್ತಾರಲ್ಲ, ಹಾಗೆ. ಎಲ್ಲರೂ ಬಲಗಡೆ ನೋಡಿ ತಲೆದೂಗುತ್ತಿದ್ದರು. ಹರಪನಹಳ್ಳಿಯಿಂದ ಬಂದಿದ್ದ ಹಿರಿಯ ಮೇಷ್ಟರೊಬ್ಬರು ಮಾತ್ರ ಎಡಗಡೆಯದನ್ನು ಪೂರ್ತಿ ಓದಿ ಆ ಪ್ರಶ್ನೆ ಕೇಳಿದರು.

ಆಗ ತಿರುಗಿ ನಾನೂ ಓದಿದೆ. ನಿಜ ಹೇಳಬೇಕೆಂದರೆ, ಅದೇ ಮೊದಲ ಸಲ.

ಬರೆದವಳು ಮಾಗಳದ ಕಡೆಯಿಂದ ಬರುವ ಹುಲಿಗೆಮ್ಮ. ಅವಳ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ನಾನು ದಿನಾ ಕ್ಲಾಸಿಗೆ ತಡವಾಗಿ ಬರುತ್ತೇನೆ. ಅವ್ವನಿಗೆ ಚಿಕೂನ್‌ಗುನ್ಯಾ ಬಂದು ಬೆರಳು ಮಡಚಲು ಆಗುವುದಿಲ್ಲ. ಅವಳ ಬದಲು ನಾನು ಮಲ್ಲಿಗೆ ಮೊಗ್ಗು ಬಿಡಿಸಲು ಹೋಗುತ್ತೇನೆ. ಬಿಸಿಲೇರಿದರೆ ಮೊಗ್ಗು ಬಾಡುತ್ತದೆ, ಯಾರೂ ಕೊಳ್ಳುವುದಿಲ್ಲ. ಬಿಡಿಸಿ ಕೊಟ್ಟು ಬರುವುದರೊಳಗೆ ನನ್ನ ಬಸ್ಸು ಹೋಗಿರುತ್ತದೆ. ಮೇಡಂ ಕಾರಣವನ್ನು ಇಂಗ್ಲಿಷಿನಲ್ಲಿ ಹೇಳು ಎನ್ನುತ್ತಾರೆ. ಬಾಗಿಲಲ್ಲಿ ನಿಂತರೆ ನನಗೆ ಇಂಗ್ಲಿಷ್ ಬರುವುದಿಲ್ಲ. ಬರೆಯಲು ಕೂತರೆ ಬರುತ್ತದೆ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ."

ಹೌದು, ಅದು ನನ್ನದೇ ಕಾನೂನು. ಮೊದಲ ಪೀರಿಯಡ್ ನನ್ನದು. ತಡವಾಗಿ ಬಂದವರು ಬಾಗಿಲಲ್ಲಿ ನಿಂತು ಕಾರಣವನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಹೇಳಿದರೆ ಒಳಗೆ. ಇಲ್ಲದಿದ್ದರೆ ಪೀರಿಯಡ್ ಮುಗಿಯುವವರೆಗೆ ಹೊರಗೆ, ಹಾಜರಿಯೂ ಇಲ್ಲ. ಟೀ ಅಂಗಡಿಯಲ್ಲಿ ಹರಟೆ ಹೊಡೆದು ಬಂದ ಹುಡುಗರು ಬಾಯಿಪಾಠ ಮಾಡಿದ ಒಂದು ಸುಳ್ಳನ್ನು ಹೇಳಿ ಆರಾಮಾಗಿ ಒಳಗೆ ಬರುತ್ತಿದ್ದರು. ಹುಲಿಗೆಮ್ಮ ಬಾಯಿ ತೆರೆಯುತ್ತಿರಲಿಲ್ಲ. ಮೊಂಡು ಹುಡುಗಿ ಎಂದುಕೊಂಡಿದ್ದೆ.

ಅವಳ ಬರಹದ ಕೆಳಗೆ ಕಾಮೆಂಟುಗಳಿದ್ದವು. ಗೆಳತಿ ನೇತ್ರಾ, "ಮೊದಲ ಪೀರಿಯಡ್ಡಿನ ನೋಟ್ಸ್ ನಾನು ಕೊಡುತ್ತೇನೆ, ಚಿಂತಿಸಬೇಡ" ಎಂದು ಬರೆದಿದ್ದಳು. ಇನ್ನೊಬ್ಬಳು, "ನಮ್ಮ ಹಾಲಿನ ಗಾಡಿ ಆ ಕಡೆಯಿಂದ ಬರುತ್ತದೆ, ಕೇಳಿ ನೋಡಲಾ?" ಎಂದಿದ್ದಳು. ಎಲ್ಲ ಹರಕು ಮುರುಕು ಇಂಗ್ಲಿಷಿನಲ್ಲೇ. ಯಾರೂ ಹೇಳಿಕೊಡದೆ ಒಬ್ಬರಿಗೊಬ್ಬರು ಆಗುತ್ತಿದ್ದರು. ಸ್ವತಂತ್ರ ಕಲಿಕೆ ಎಂದು ನಾನು ಸ್ಲೈಡ್ ಮೇಲೆ ಸ್ಲೈಡ್ ಮಾಡಿದ್ದು ಯಾವುದನ್ನೋ, ಅದು ಅಲ್ಲೇ ನಡೆದಿತ್ತು.

ತಪ್ಪುಗಳನ್ನೆಲ್ಲ ತಿದ್ದಿ, ಕೊನೆಗೆ ನಾನು ಏನು ಬರೆದಿದ್ದೆ ಗೊತ್ತೇ? "ಗುಡ್ ಎಫರ್ಟ್. ರಿವೈಸ್ ಟೆನ್ಸಸ್." ಅಷ್ಟು ಬರೆದು, ಮಾರನೇ ದಿನ ಬೆಳಿಗ್ಗೆ ಅವಳನ್ನು ಮತ್ತೆ ಹೊರಗೆ ನಿಲ್ಲಿಸಿದ್ದೆ.

ಸಭೆಯಲ್ಲಿ ಏನೋ ತೊದಲಿ ಕೆಳಗಿಳಿದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಕೇಳಿ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು.

ಸೋಮವಾರ ತರಗತಿಯ ಬಾಗಿಲು ತೆರೆದೇ ಇಟ್ಟಿದ್ದೆ. ಅವಳು ಬರಲೇ ಇಲ್ಲ. ನೇತ್ರಾಳನ್ನು ಕೇಳಿದೆ.

"ಆಕಿ ಇನ್ನ ಬರಾದಿಲ್ಲಂತ್ರಿ ಮೇಡಂ. ಹಾಜರಿ ಶಾರ್ಟೇಜ್ ಅಂತ ನೋಟಿಸ್ ಬೋರ್ಡಿಗೆ ಹೆಸರು ಹಾಕ್ಯಾರ, ಪರೀಕ್ಷಿಗೆ ಹೆಂಗೂ ಕುಂದ್ರಸಾದಿಲ್ಲ, ಬಂದರ ಏನ್ ಬಂತು ಅಂತಾಳ್ರಿ."

ಆ ಹೆಸರನ್ನು ಬೋರ್ಡಿಗೆ ಕಳಿಸಿದವರು ಯಾರು ಎಂದು ದಯವಿಟ್ಟು ಕೇಳಬೇಡಿ.

ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಸ್ಕೂಟಿ ತೆಗೆದುಕೊಂಡು ತೋಟ ಹುಡುಕಿಕೊಂಡು ಹೋದೆ. ಹೆಂಗಸರು ಉಡಿ ಕಟ್ಟಿಕೊಂಡು ಸಾಲಿಗೊಬ್ಬರಂತೆ ಮೊಗ್ಗು ಬಿಡಿಸುತ್ತಿದ್ದರು. ನನ್ನನ್ನು ಕಂಡು ಹುಲಿಗೆಮ್ಮ ಗಾಬರಿಯಾದಳು. ಕೈ ಮಾತ್ರ ನಿಲ್ಲಲಿಲ್ಲ. "ಸಾರಿ ಮೇಡಂ" ಎಂದಳು. ಅವಳು ಸಾರಿ ಕೇಳುವುದೇ?

"ನೀ ಬ್ಲಾಗಿನ್ಯಾಗ ಬರ್ದಿದ್ದು ನಾ ಓದಿರ್ಲಿಲ್ಲವ್ವಾ" ಎಂದೆ.

ಅವಳಿಗೆ ನನ್ನ ಮಾತೇ ತಿಳಿಯಲಿಲ್ಲ. "ಓದಿದ್ರಲ್ರಿ ಮೇಡಂ. ಎಲ್ಲಾ ಕರೆಕ್ಷನ್ ಮಾಡಿದ್ರಿ. ಒಂದೂ ಬಿಟ್ಟಿದ್ದಿಲ್ರಿ."

"ಮತ್ತ ನನ್ನ ಯಾಕ ಕೇಳಲಿಲ್ಲ ನೀನು?"

"ಮೇಡಂಗ ಎಲ್ಲಾ ಗೊತ್ತಾಗೇತಿ, ಇಂಗ್ಲಿಷ್ ತಪ್ಪೈತಿ ಅಂತ ಒಳಗ ಬಿಡವಲ್ರು ಅನ್ಕಂಡೆ ರೀ. ನೀವು ತಿದ್ದಿದ್ದನ್ನ ಬಾಯಿಪಾಠ ಮಾಡಾಕತ್ತಿದ್ದೆ. ಪೂರ್ತಿ ಬಂದ ಮ್ಯಾಲ ಬಾಗಿಲದಾಗ ನಿಂತು ಹೇಳೋಣ ಅಂತ. ಅಷ್ಟರಾಗ ಬೋರ್ಡಿಗೆ ಹೆಸರು ಬಂತು."

ಅವ್ವನ ಕೈ ಬಿದ್ದುಹೋಗಿದೆ ಎಂದು ಗೊತ್ತಿದ್ದೂ ಕ್ರಿಯಾಪದ ಸರಿಯಿಲ್ಲವೆಂದು ಬಾಗಿಲು ಹಾಕುವ ಹೆಂಗಸು ನಾನು ಎಂದು ಒಂದು ಮಗು ನಂಬಿತ್ತು. ನಂಬಿ, ಅದನ್ನು ಸರಿ ಎಂದೂ ಒಪ್ಪಿಕೊಂಡಿತ್ತು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

"ಮೇಡಮ್ಮಾರ, ಒಂಚೂರು ಸರೀರಿ, ಗಿಡಾ ತುಳ್ಯಾಕತ್ತೀರಿ" ಎಂದಳು ಪಕ್ಕದ ಸಾಲಿನ ಅಜ್ಜಿ. ಸರಿದೆ. ಹುಲಿಗೆಮ್ಮನಿಗೆ, "ತಡ ಆದ್ರೂ ಬಾ, ಕನ್ನಡದಾಗ ಹೇಳು, ಹೇಳದಿದ್ದರೂ ಬಾ" ಎಂದಷ್ಟೇ ಹೇಳಿ ಬಂದೆ.

ಅಂದೇ ಪ್ರಿನ್ಸಿಪಾಲರ ಮುಂದೆ ನಿಂತೆ. "ಬಾಗಿಲ ಹೊರಗೆ ನಿಂತವಳು ಕಾಲೇಜಿಗೆ ಬಂದಿದ್ದಳಲ್ಲ ಸರ್? ಗೈರು ಹಾಕಿದ್ದು ನನ್ನ ತಪ್ಪು" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಬೋರ್ಡಿನಿಂದ ಅವಳ ಹೆಸರು ತೆಗೆಸಿದರು. ಪರೀಕ್ಷೆಗೆ ಕೂರಲು ಈಗ ಅಡ್ಡಿಯಿಲ್ಲ. ಬುಧವಾರ ಅವಳು ಬಂದಳು, ತಡವಾಗಿಯೇ. ನಾನು ಪಾಠ ನಿಲ್ಲಿಸಲಿಲ್ಲ. ಅವಳು ಒಳಗೆ ಬಂದು ಕೂತಳು.

ನಾನೊಬ್ಬಳೇ ಹೀಗೆಯೇ ಎಂದು ಯೋಚಿಸುತ್ತಿದ್ದೆ. ಮಗ ಶಾಲೆಯಿಂದ ಬಂದು "ಇವತ್ತು ನಾ ಒಬ್ಬನ ಕುಂತು ಊಟ ಮಾಡಿದೆ" ಎಂದರೆ "ಡಬ್ಬಿ ಎಲ್ಲಿ ಬಿಟ್ಟು ಬಂದಿ?" ಎನ್ನುತ್ತೇವೆ. ಹೆಂಡತಿ ತಲೆನೋವು ಎಂದರೆ "ಮೊಬೈಲ್ ಕಡಿಮೆ ನೋಡು" ಎನ್ನುತ್ತೇವೆ. ತಿದ್ದುವುದು ಎಷ್ಟು ಸಲೀಸು ನೋಡಿ. ಕೇಳಿಸಿಕೊಳ್ಳುವ ಗೋಜೇ ಇಲ್ಲ.

ನಿನ್ನೆ ರಾತ್ರಿ ಹುಲಿಗೆಮ್ಮನ ಹೊಸ ಬರಹ ಬ್ಲಾಗಿಗೆ ಬಂತು. ಮೇಡಂ ತೋಟಕ್ಕೆ ಬಂದು ಗಿಡ ತುಳಿದ ಕಥೆ! ಅಜ್ಜಿ ಗದರಿಸಿದಾಗ ಮೇಡಂ ಮುಖ ಹೇಗಾಯಿತು ಎಂಬುದನ್ನೂ ಬಿಟ್ಟಿಲ್ಲ ಹುಡುಗಿ. ಓದಿ ಒಬ್ಬಳೇ ನಕ್ಕೆ. ಬೆರಳು ತಿದ್ದಲು ಚಡಪಡಿಸಿದವು, ಸುಳ್ಳೇಕೆ ಹೇಳಲಿ. ಆದರೆ ಮತ್ತೊಮ್ಮೆ ಓದಿದೆ, ಏನೂ ಬರೆಯದೆ ಫೋನ್ ಕೆಳಗಿಟ್ಟೆ. ನಾಳೆ ಎದುರಿಗೇ ಹೇಳೋಣ, ಚೆನ್ನಾಗಿದೆ ಅಂತ.

ಇವತ್ತು ಬೆಳಿಗ್ಗೆ ವರಾಂಡದಲ್ಲಿ ಅವಳೇ ಹತ್ತಿರ ಬಂದಳು.

"ಮೇಡಂ, ಈ ಸಲ ಎಷ್ಟ್ ಮಿಸ್ಟೇಕ್ ಅದಾವ್ರಿ?"

"ನಾ ಎಣಿಸಿಲ್ಲವ್ವಾ" ಎಂದೆ, ನಗುತ್ತ.

ಅವಳ ಮುಖ ಸಣ್ಣದಾಯಿತು. "ಹಂಗಾರ ಓದಿಲ್ಲೇನ್ರಿ?"

ಇಂಗ್ಲಿಷ್ ಎಷ್ಟು ಕಲಿಸಿದೆನೋ ಗೊತ್ತಿಲ್ಲ. ಇದೊಂದನ್ನು ಮಾತ್ರ ಒಂದೂ ತಪ್ಪಿಲ್ಲದಂತೆ ಕಲಿಸಿಬಿಟ್ಟಿದ್ದೇನೆ.