ಗುರುತಿಲ್ಲದ ಬೆಳ್ಳಿ ಚಮಚ

ಅಣ್ಣನ ಬಲಗೈ ಹೆಬ್ಬೆರಳಿನ ತುದಿ ಸದಾ ಕಪ್ಪಗಿರುತ್ತಿತ್ತು. ಕೊಲ್ಹಾಪುರದ ಸರಾಫ ಪೇಟೆಯಲ್ಲಿ, ಹಳೆಯ ಬೆಳ್ಳಿ ಕೊಳ್ಳುವ ಅಂಗಡಿಯಲ್ಲಿ ಅವನ ನೌಕರಿ. ಚಮಚ ಕೈಗೆ ಬಂದೊಡನೆ ಬೋರಲು ಹಾಕುತ್ತಿದ್ದ; ಕಣ್ಣಿಗಿಂತ ಮೊದಲು ಹೆಬ್ಬೆರಳೇ ಹಿಂಬದಿಯಲ್ಲಿ ಒತ್ತಿದ ಬೆಳ್ಳಿಯ ಗುರುತು ಹುಡುಕುತ್ತಿತ್ತು.

ನನ್ನನ್ನು ಗಡಹಿಂಗ್ಲಜಕ್ಕೆ ಕೊಟ್ಟಿದ್ದರು. ನನ್ನ ಮಗನಿಗೆ ಮೊದಲ ಅನ್ನ ಉಣಿಸುವ ಹಿಂದಿನ ದಿನ ಅಣ್ಣ ಬಂದ. ಜೇಬಿನಿಂದ ಒಂದು ಚಮಚ ತೆಗೆದ.

“ನೋಡ ತಂಗಿ, ಸಿಂಹದ ಗುರ್ತ ಐತಿ, ವಿಲಾಯತಿ ಬೆಳ್ಳಿ. ಗುರ್ತ ಹಿಡಿಕಿ ತುದೀಗಿಲ್ಲ, ಕೆಳಗ ಬಾಯಿ ಹತ್ರ ಅದಾವ. ಅಂದ್ರ ಭಾಳ ಹಳೇದು. ನಮ್ಮ ಮುತ್ತಜ್ಜಗಿಂತ ಹಿರ್ಯಾ!”

“ಯಾರ ಬಾಯಾಗಿಂದೋ ಅಣ್ಣಾ?”

“ಯಾರೋ ಸಾಹೇಬಂದು. ಎಡಗಡಿ ತುದಿ ಸವದೈತಿ. ಅವನೂ ನಿನ್ಹಂಗ ಬಲಗೈಲೇ ಉಂಡಾನ, ಯಾಕ ಹೇಸ್ತಿ?” ಎಂದು ನಕ್ಕು ಅದನ್ನು ಗೋಡೆಯ ಗೂಡಿನಲ್ಲಿಟ್ಟ.

ಮಗುವಿಗೇ ತಂದಿದ್ದಾನೆಂದು ತಿಳಿದೆ. ನಮ್ಮದು ಜೈನರ ಅಡುಗೆಮನೆ. ಮಾಂಸ ತಿಂದವರ ಚಮಚ ಒಳಗೆ ಬರುವಂತಿಲ್ಲ. ಬೆಳ್ಳಿಯನ್ನು ಕರಗಿಸಿದರೆ ಎಂಜಲು ಹೋಗುತ್ತದೆಂದು ನಂಬಿದವರು ನಾವು. ಬೆಳಿಗ್ಗೆ ಅವನು ಬಸದಿಗೆ ಹೋದಾಗ, ಯಾರಿಗೂ ಹೇಳದೆ ಅಕ್ಕಸಾಲಿ ಪತ್ತಾರನಲ್ಲಿಗೆ ಹೋಗಿ ಅದನ್ನು ಕರಗಿಸಿ ಹೊಸ ಚಮಚ ಮಾಡಿಸಿದೆ.

ಹೊಸ ಚಮಚ ನೋಡಿದವನೇ ಅಣ್ಣ ಗೋಡೆಗೆ ಒರಗಿ ಕುಳಿತುಬಿಟ್ಟ. ಮಗುವಿಗೆ ತಂದ ಪುಟ್ಟ ಚಮಚ ಅವನ ಚೀಲದ ತಳದಲ್ಲಿತ್ತು. ಕರಗಿದ್ದು ನಮ್ಮೂರಿನ ಇನಾಮದಾರರದು. ಅದರ ವಯಸ್ಸು ತಿಳಿಯಲು ಅವರು ಅಂಗಡಿಗೆ ಕೊಟ್ಟಿದ್ದರು. ಅಣ್ಣ ಅಂದು ಅದನ್ನು ಮರಳಿಸಬೇಕಿತ್ತು.

ಇನಾಮದಾರರ ದೂರು ಅಂಗಡಿಗೆ ಹೋಗಿ, ಅಲ್ಲಿನ ಮಾಲಕರು ಅಣ್ಣನನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು.

“ಖರೇ ಹೇಳ್ರಿ ಅಕ್ಕಾರ, ಚಮಚ ನೋಡೀರೇನು?”

ಒಂದು ಹೌದು ಅಂದಿದ್ದರೆ ಅಣ್ಣನ ಹೆಸರು ಉಳಿಯುತ್ತಿತ್ತು. ಬಾಗಿಲಲ್ಲಿ ಅತ್ತೆ ನಿಂತಿದ್ದರು; ನಾನು ಪರರ ಬೆಳ್ಳಿ ಕರಗಿಸಿದ್ದು ಅವರಿಗೆ ಗೊತ್ತಿರಲಿಲ್ಲ. “ಇಲ್ರಿ, ನೋಡಿಲ್ಲ,” ಎಂದೆ.

ಅಣ್ಣ ನನ್ನ ಮುಖ ನೋಡಿದ. “ಬಸ್ಸಿನ್ಯಾಗ ಕಳಕೊಂಡೇನ್ರಿ, ಮಾಲಕರ.”

“ಅರೆ ವಾ! ಅಂಗಡಿ ಬೆಳ್ಳಿಯೆಲ್ಲಾ ಕಾಯೂ ಮನಶಾ, ಒಂದ ಚಮಚಾ ಕಳಕೊಂಡಾನಂತ!”

ಸರಾಫ ಪೇಟೆಯಲ್ಲಿ ಮತ್ತೆ ಯಾರೂ ಅವನ ಕೈಗೆ ಬೆಳ್ಳಿ ಕೊಡಲಿಲ್ಲ. ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕೆ ಸೇರಿದ. ಹತ್ತಿಯ ಧೂಳು ಎದೆಗೆ ಕೂತಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಹಾಸಿಗೆ ಹಿಡಿದಿದ್ದ. ಹೆಬ್ಬೆರಳು ಬೆಳ್ಳಗಾಗಿತ್ತು.

ಅವನ ಬಾಯಿಗೆ ನೀರು ಹಾಕಲು ಆ ಹೊಸ ಚಮಚವನ್ನೇ ಒಯ್ದಿದ್ದೆ. ನನ್ನ ಕೈಯಿಂದ ತೆಗೆದುಕೊಂಡು ಬೋರಲು ಹಾಕಿದ. ಹೆಬ್ಬೆರಳು ಹಿಡಿಕೆಯ ತುದಿಯಿಂದ ಕೆಳಗಿನವರೆಗೆ ನಿಧಾನವಾಗಿ ಸರಿಯಿತು. ಅಲ್ಲಿ ಏನೂ ಇರಲಿಲ್ಲ.

“ಮಾಲಕರಿಗೆ ಹೇಳ್ತೇನಿ ಅಣ್ಣಾ. ಎಲ್ಲಾ ಹೇಳ್ತೇನಿ.”

“ಈಗ್ಯಾಕ? ನೀರ ಹಾಕು.”

ಹಾಕಿದೆ. ಸಂಜೆಗೆ ಹೋದ.

ಮಾಲಕರು ಆಮೇಲೂ ಬಹಳ ವರ್ಷ ಬದುಕಿದ್ದರು. ನಾನು ಹೋಗಲಿಲ್ಲ.